ವಿದ್ಯುತ್ತಿನ ಲೆಕ್ಕದಲ್ಲಿ ಗಡಿಯಾರದ ಸ್ಥಾನ

ಬಸವನಗುಡಿಯ ಒಂದು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಾನು, ವಿದ್ಯುತ್ ಪ್ರವಾಹದ ಪಾಠವನ್ನು ಆರಂಭಿಸುವ ದಿನ ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುವುದುಂಟು: "ನಿಮ್ಮ ತಲೆಯ ಮೇಲೆ ತಿರುಗುತ್ತಿರುವ ಫ್ಯಾನಿಗೆ ವಿದ್ಯುತ್ತು ಎಲ್ಲಿಂದ ಬರುತ್ತಿದೆ?" ಹೆಚ್ಚಿನವರು ಒಡನೆಯೇ "ಬೆಸ್ಕಾಂನಿಂದ, ಸಾರ್" ಎನ್ನುತ್ತಾರೆ. ಹಾಲು ಎಲ್ಲಿಂದ ಬರುತ್ತದೆಂದು ಕೇಳಿದರೆ ಹಾಲಿನ ಬೂತಿನಿಂದ ಎಂದು ಹೇಳಿದಂತಾಯಿತು ಇದು. ಇವರ ಅಜ್ಜ ಅಜ್ಜಿಯರನ್ನು ಕೇಳಿದ್ದರೆ "ಜೋಗದಿಂದ" ಎನ್ನುತ್ತಿದ್ದರು. ಅದಕ್ಕೂ ಹಿಂದಿನ ತಲೆಮಾರಿನ ಚಾಮರಾಜಪೇಟೆಯ ಹಿರಿಯರು "ಶಿವನಸಮುದ್ರದಿಂದ" ಎನ್ನುತ್ತಿದ್ದರು. ಆಯಾ ಕಾಲಕ್ಕೆ ಆ ಎರಡು ಉತ್ತರಗಳೂ ಸರಿಯಾದುವೇ. ಆದರೆ ಇಂದು ಒಂದೇ ಹೆಸರಿನ ಉತ್ತರವಿಲ್ಲ. ಈಗ ಜಾಣ ವಿದ್ಯಾರ್ಥಿಯಾದವನು ನನ್ನನ್ನೇ ಮರುಪ್ರಶ್ನೆ ಮಾಡಬೇಕು: "ಎಷ್ಟು ಗಂಟೆಯ ಮಾತು, ಸಾರ್?"

ಈ ಮರುಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ. ನಮ್ಮ ರಾಜ್ಯದಲ್ಲಿ ಇಷ್ಟು ಸಾವಿರ ಮೆಗಾವಾಟಿನ ಕೇಂದ್ರಗಳಿವೆ, ಇನ್ನಿಷ್ಟು ಸಾವಿರ ಬರಲಿವೆ ಎಂಬ ಮಾತುಗಳನ್ನು ನಾವು ದಿನವೂ ಓದುತ್ತೇವೆ. ಆ ಅಂಕಿಗಳು ಸುಳ್ಳಲ್ಲ, ಆದರೆ ಅಪೂರ್ಣ. ಯಾವ ಹೊತ್ತಿನಲ್ಲಿ ಎಷ್ಟು ದೊರೆಯುತ್ತದೆ ಎಂಬುದನ್ನು ಬಿಟ್ಟು ಮಾಡಿದ ವಿದ್ಯುತ್ತಿನ ಲೆಕ್ಕವು ಲೆಕ್ಕವೇ ಅಲ್ಲವೆಂದು ನನ್ನ ಅಭಿಪ್ರಾಯ. ಈ ತಪ್ಪು ಲೆಕ್ಕದ ಬೆಲೆಯನ್ನು ಬೆಂಗಳೂರಿಗರಾದ ನಾವು ತೆರುತ್ತಿಲ್ಲ, ದೂರದ ಹೊಲಗಳಲ್ಲಿಯೂ ಕಣಿವೆಗಳಲ್ಲಿಯೂ ಇರುವವರು ತೆರುತ್ತಿದ್ದಾರೆ.

ಮೊದಲು ಎರಡು ಪದಗಳನ್ನು ಬೇರ್ಪಡಿಸೋಣ. ವಾಟ್ ಎಂಬುದು ಶಕ್ತಿಯು ಒದಗುವ ವೇಗ. ಯೂನಿಟ್ ಎಂಬುದು ಒದಗಿದ ಶಕ್ತಿಯ ಮೊತ್ತ. ನಲ್ಲಿಯಿಂದ ನೀರು ಎಷ್ಟು ರಭಸವಾಗಿ ಬೀಳುತ್ತಿದೆ ಎಂಬುದು ಒಂದು ಪ್ರಶ್ನೆ. ಕೊಡದಲ್ಲಿ ಎಷ್ಟು ನೀರು ತುಂಬಿತು ಎಂಬುದು ಮತ್ತೊಂದು. ಒಂದು ಕಿಲೋವಾಟ್ ವೇಗದಲ್ಲಿ ಒಂದು ಗಂಟೆ ಕಾಲ ಬಳಸಿದರೆ ಒಂದು ಯೂನಿಟ್ ಆಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆಯುವ ವಿದ್ಯಾರ್ಥಿಗಳೇ ವೃತ್ತಪತ್ರಿಕೆಯನ್ನು ಓದುವಾಗ ಎರಡನ್ನೂ ಒಂದಾಗಿ ಭಾವಿಸುತ್ತಾರೆ.

ಇನ್ನೊಂದು ಸಂಗತಿ. ಬಳಕೆಯ ವಿದ್ಯುತ್ತನ್ನು ಅಕ್ಕಿಯಂತೆ ಕಣಜದಲ್ಲಿ ತುಂಬಿಡಲಾಗದು. ಅದನ್ನು ಉಳಿಸಬೇಕಾದರೆ ಬೇರೊಂದು ರೂಪಕ್ಕೆ ತಿರುಗಿಸಬೇಕು. ತಿರುಗಿಸದಿದ್ದರೆ ಯಾವ ಕ್ಷಣದಲ್ಲಿ ಎಷ್ಟು ಬೇಕೋ ಆ ಕ್ಷಣದಲ್ಲಿ ಅಷ್ಟನ್ನೇ ಉತ್ಪಾದಿಸಬೇಕು. ನಮ್ಮ ಜಾಲದಲ್ಲಿ ಪ್ರವಾಹವು ಸೆಕೆಂಡಿಗೆ ೫೦ ಬಾರಿ ಆವರ್ತಿಸುತ್ತದೆ. ಬಳಕೆಯು ಉತ್ಪಾದನೆಯನ್ನು ಮೀರಿದರೆ, ಏರು ಹತ್ತುವ ಎತ್ತಿನ ಗಾಡಿಯಂತೆ ಜನರೇಟರುಗಳೆಲ್ಲವೂ ನಿಧಾನವಾಗಿ ಆವರ್ತನೆ ಐವತ್ತಕ್ಕಿಂತ ಕೆಳಗಿಳಿಯುತ್ತದೆ. ಬಳಕೆ ಕಡಿಮೆಯಾದರೆ ಮೇಲೇರುತ್ತದೆ. ಈ ಸಮತೋಲ ಕೆಟ್ಟರೆ ಏನಾಗುವುದೆಂಬುದನ್ನು ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತವು ಕಂಡಿತು. ಕೋಟ್ಯಂತರ ಜನ ಗಂಟೆಗಟ್ಟಲೆ ಕತ್ತಲೆಯಲ್ಲಿದ್ದರು. ದಕ್ಷಿಣದ ಜಾಲವು ಆಗ ಉತ್ತರದೊಡನೆ ಒಂದೇ ಆವರ್ತನೆಯಲ್ಲಿ ಬೆಸೆದುಕೊಂಡಿರಲಿಲ್ಲವಾದ ಕಾರಣ ನಾವು ಪಾರಾದೆವು. ೨೦೧೩ರ ಡಿಸೆಂಬರ್ ೩೧ರಂದು ನಮ್ಮ ರಾಯಚೂರಿಗೂ ಸೊಲ್ಲಾಪುರಕ್ಕೂ ನಡುವಣ ತಂತಿಯ ಮೂಲಕ ಈ ಬೆಸುಗೆಯಾಯಿತು. ಅಂದಿನಿಂದ ಇಡೀ ದೇಶದ ಯಂತ್ರಗಳು ಒಂದೇ ತಾಳಕ್ಕೆ ತಿರುಗುತ್ತಿವೆ.

ಹೊತ್ತಿನ ಪ್ರಶ್ನೆಯು ಇಂದು ಹುಟ್ಟಿದ್ದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಕೇಂದ್ರವು ೧೯೦೨ರಲ್ಲಿ ಕಾವೇರಿಯ ಬಲದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿತು. ಸುಮಾರು ೧೪೭ ಕಿಲೋಮೀಟರ್ ಉದ್ದದ ಆ ತಂತಿಮಾರ್ಗವು ಅಂದಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಗಣಿಗಳು ಹಗಲೂ ರಾತ್ರಿಯೂ ದುಡಿಯುತ್ತಿದ್ದುದರಿಂದ ಬೇಡಿಕೆ ಸಮವಾಗಿತ್ತು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದಾಗ ಸಂಜೆಗೆ ಮಾತ್ರ ಏಳುವ ಬೇಡಿಕೆಯೊಂದು ಅದಕ್ಕೆ ಸೇರಿತು. ಬೇಸಗೆಯಲ್ಲಿ ನದಿ ಬಡವಾದರೆ ಯಂತ್ರಗಳೂ ಬಡವಾಗುತ್ತಿದ್ದುವು. ೧೯೧೧ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ, ನೀರಾವರಿಯ ಜೊತೆಗೆ, ಶಿವನಸಮುದ್ರಕ್ಕೆ ವರ್ಷವಿಡೀ ಸಮನಾಗಿ ನೀರೊದಗಿಸುವುದೂ ಒಂದಾಗಿತ್ತು. ಮಳೆಗಾಲದ ನೀರನ್ನು ಬೇಸಗೆಗೆ ಸಾಗಿಸುವ ಉಪಾಯವದು. ವಿಶ್ವೇಶ್ವರಯ್ಯನವರ ಪೀಳಿಗೆಗೆ ಕಾಲವೂ ಲೆಕ್ಕದ ಒಂದು ಅಂಕವೆಂಬುದು ಚೆನ್ನಾಗಿ ತಿಳಿದಿತ್ತು.

ಅನಂತರ ೧೯೪೮ರಲ್ಲಿ ಜೋಗದ ೧೨೦ ಮೆಗಾವಾಟಿನ ಕೇಂದ್ರವೂ, ೧೯೬೫ರಲ್ಲಿ ಶರಾವತಿ ಕೇಂದ್ರವೂ ಬಂದುವು. ಇಂದು ೧,೦೩೫ ಮೆಗಾವಾಟ್ ಸಾಮರ್ಥ್ಯವಿರುವ ಶರಾವತಿ ಕೇಂದ್ರಕ್ಕೆ ಲಿಂಗನಮಕ್ಕಿಯ ನೀರು ತಲಕಳಲೆಯ ಮೂಲಕ ಹರಿದು ಸುಮಾರು ೪೪೦ ಮೀಟರ್ ಕೆಳಕ್ಕೆ ಧುಮುಕುತ್ತದೆ. ಇಲ್ಲಿ ಒಂದು ಸಣ್ಣ ಗಣಿತವನ್ನು ನೀವೇ ಮಾಡಬಹುದು. ಒಂದು ಸಾವಿರ ಲೀಟರ್ ನೀರಿನ ದ್ರವ್ಯರಾಶಿ ಒಂದು ಸಾವಿರ ಕಿಲೋಗ್ರಾಂ. ಇದನ್ನು ೯.೮ರಿಂದಲೂ ೪೪೦ರಿಂದಲೂ ಗುಣಿಸಿದರೆ ೪೩ ಲಕ್ಷ ಜೂಲ್ ದೊರೆಯುತ್ತದೆ. ಯೂನಿಟ್ಟೊಂದಕ್ಕೆ ೩೬ ಲಕ್ಷ ಜೂಲ್. ಯಂತ್ರಗಳಲ್ಲಿಯೂ ತಂತಿಯಲ್ಲಿಯೂ ಆಗುವ ನಷ್ಟವನ್ನು ಕಳೆದರೆ ಸಾವಿರ ಲೀಟರಿಗೆ ಹೆಚ್ಚು ಕಡಿಮೆ ಒಂದು ಯೂನಿಟ್ ಎಂದಾಯಿತು.

ಮನೆಯ ಮಾಳಿಗೆಯ ಮೇಲಿರುವ ಕರಿಯ ಟ್ಯಾಂಕನ್ನು ನೆನೆಯಿರಿ. ಅಂಥ ಒಂದು ಟ್ಯಾಂಕಿನ ತುಂಬ ನೀರು ಪಶ್ಚಿಮಘಟ್ಟದ ತಲೆಯಿಂದ ಬುಡಕ್ಕೆ ಬಿದ್ದರೆ ಬರುವುದು ಒಂದೇ ಒಂದು ಯೂನಿಟ್. ಎರಡು ಕಿಲೋವಾಟಿನ ಗೀಸರನ್ನು ಅರ್ಧ ಗಂಟೆ ಹಾಕಿದರೆ ಅದು ಮುಗಿಯಿತು. ಇಪ್ಪತ್ತೈದು ಲೀಟರ್ ನೀರನ್ನು ಕಾಯಿಸಲು ಸಾವಿರ ಲೀಟರ್ ನೀರು ಘಟ್ಟ ಇಳಿಯಬೇಕು. ೧೯೦೨ರ ಶಿವನಸಮುದ್ರದ ಸಾಮರ್ಥ್ಯವು ನಾಲ್ಕು ಮೆಗಾವಾಟಿಗೆ ತುಸು ಹೆಚ್ಚು. ಎರಡು ಸಾವಿರ ಗೀಸರುಗಳನ್ನು ಒಟ್ಟಿಗೆ ಹಾಕಿದರೆ ಅಂದಿನ ಆ ಇಡೀ ಕೇಂದ್ರ ಅವಕ್ಕೇ ಬೇಕಾಗುತ್ತಿತ್ತು. ಮಲ್ಲೇಶ್ವರ ಒಂದರಲ್ಲಿಯೇ ಅದಕ್ಕಿಂತ ಹೆಚ್ಚು ಮನೆಗಳಿವೆ.

ಜಲವಿದ್ಯುತ್ತಿಗೆ ಒಂದು ದೊಡ್ಡ ಗುಣವುಂಟು. ಅಣೆಕಟ್ಟೇ ಅದರ ಉಗ್ರಾಣ. ಬಾಗಿಲು ತೆರೆದರೆ ಕೆಲವೇ ನಿಮಿಷಗಳಲ್ಲಿ ಯಂತ್ರ ತಿರುಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ೧೯೮೫ರಲ್ಲಿ ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕವು ಆರಂಭವಾಗುವವರೆಗೆ ರಾಜ್ಯದ ಸ್ವಂತ ಉತ್ಪಾದನೆಯು ಬಹುಮಟ್ಟಿಗೆ ನೀರಿನಿಂದಲೇ ಆಗುತ್ತಿತ್ತು. ಮಳೆ ಬಿದ್ದ ವರ್ಷ ಹೊತ್ತಿನ ಚಿಂತೆಯನ್ನು ಅಣೆಕಟ್ಟೇ ನಿವಾರಿಸುತ್ತಿತ್ತು. ಆದುದರಿಂದ ನಾವು ಗಡಿಯಾರವನ್ನು ಮರೆತೆವು.

ಈಗ ಉಳಿದ ಮೂಲಗಳ ಸ್ವಭಾವವನ್ನು ನೋಡೋಣ. ರಾಯಚೂರು, ಬಳ್ಳಾರಿಯ ಕುಡತಿನಿ, ಯರಮರಸ್, ಕೂಡಗಿ, ಉಡುಪಿ ಇವು ಕಲ್ಲಿದ್ದಲಿನ ಕೇಂದ್ರಗಳು. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ಅದೆಲ್ಲವೂ ಹೊರಗಿನಿಂದ ಬರತಕ್ಕದ್ದು. ಯೂನಿಟ್ಟೊಂದಕ್ಕೆ ಮುಕ್ಕಾಲು ಕಿಲೋಗ್ರಾಮಿಗೆ ಸಮೀಪವಾದಷ್ಟು ಕಲ್ಲಿದ್ದಲು ಸುಟ್ಟು, ಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತಣ್ಣಗಾದ ಕುಲುಮೆಯನ್ನು ಮತ್ತೆ ಕಾಯಿಸಿ ಉಗಿಯೆಬ್ಬಿಸಲು ಅನೇಕ ಗಂಟೆಗಳು ಬೇಕಾದುದರಿಂದ ಇವನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲಾಗದು. ಕಾಳಿ ನದಿಯ ದಡದ ಕೈಗಾದಲ್ಲಿ ತಲಾ ೨೨೦ ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ. ಇವುಗಳ ಗುಣ ಎಡೆಬಿಡದ ದುಡಿಮೆ. ಅಲ್ಲಿಯ ಒಂದನೆಯ ಘಟಕವು ೨೦೧೮ರ ಡಿಸೆಂಬರ್ ಕೊನೆಯವರೆಗೆ ೯೬೨ ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಚಿತ್ರದುರ್ಗ ಗದಗಗಳ ಗಾಳಿಯಂತ್ರಗಳು ಮುಂಗಾರಿನ ತಿಂಗಳುಗಳಲ್ಲಿ ಹುರುಪಿನಿಂದ ತಿರುಗಿ ಉಳಿದ ಕಾಲದಲ್ಲಿ ಮಂದವಾಗುತ್ತವೆ.

ಕೊನೆಯದು ಸೂರ್ಯ. ಮಳೆ ಕಡಿಮೆ ಬೀಳುವ ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೌರವನವು ೨೦೧೯ರ ಕೊನೆಗೆ ಪೂರ್ಣವಾಯಿತು. ಕೈಗಾದ ಒಟ್ಟು ಸಾಮರ್ಥ್ಯ ೮೮೦ ಮೆಗಾವಾಟ್. ಹಾಗಾದರೆ ಪಾವಗಡವು ಕೈಗಾದ ಎರಡೂಕಾಲು ಪಟ್ಟು ಯೂನಿಟ್ಟುಗಳನ್ನು ಕೊಡುವುದೆ? ಇಲ್ಲ. ರಾತ್ರಿಯನ್ನೂ ಮೋಡವನ್ನೂ ಮುಂಜಾನೆ ಮುಸ್ಸಂಜೆಗಳ ಓರೆ ಬಿಸಿಲನ್ನೂ ಸೇರಿಸಿ ಸರಾಸರಿ ತೆಗೆದರೆ ಸೌರಕೇಂದ್ರವು ತನ್ನ ಸಾಮರ್ಥ್ಯದ ಸುಮಾರು ನಾಲ್ಕನೆಯ ಒಂದು ಪಾಲನ್ನು ಕೊಡುತ್ತದೆ. ಎಂದರೆ ಐನೂರು ಮೆಗಾವಾಟಿನ ಆಸುಪಾಸು. ಕೈಗಾದ ಘಟಕಗಳು ಚೆನ್ನಾಗಿ ನಡೆದ ವರ್ಷದಲ್ಲಿ ಅದಕ್ಕಿಂತ ಹೆಚ್ಚನ್ನೇ ಕೊಡುತ್ತವೆ. ಇದನ್ನು ಹೇಳುವುದು ಸೂರ್ಯನನ್ನು ಹಳಿಯುವುದಕ್ಕಲ್ಲ. ಬಿಸಿಲಿಗೆ ಇಂಧನದ ವೆಚ್ಚವಿಲ್ಲ, ಹೊಗೆಯಿಲ್ಲ; ಮಧ್ಯಾಹ್ನದ ವಿದ್ಯುತ್ತನ್ನು ಇದಕ್ಕಿಂತ ಅಗ್ಗವಾಗಿ ಪಡೆಯುವ ಮಾರ್ಗವೂ ನಮಗೆ ದೊರೆತಿಲ್ಲ. ಆದರೆ ಅದು ಮಧ್ಯಾಹ್ನದ ವಿದ್ಯುತ್ತು. ಬೆಳಗಿನ ಆರು ಗಂಟೆಗೆ ಗೀಸರ್ ಹಾಕುವಾಗಲೂ ಸಂಜೆ ಏಳಕ್ಕೆ ದೀಪ, ಫ್ಯಾನು, ಟೀವಿಗಳನ್ನು ಹಾಕುವಾಗಲೂ ಪಾವಗಡವು ಕೈಚೆಲ್ಲಿರುತ್ತದೆ. ಆಗ ಭಾರ ಹೊರುವುದು ಕಲ್ಲಿದ್ದಲು, ಅಥವಾ ಶರಾವತಿ ಮತ್ತು ಕಾಳಿ.

ನೀರಿನ ಉಗ್ರಾಣವೂ ಅಕ್ಷಯವಲ್ಲ. ಲಿಂಗನಮಕ್ಕಿ ತುಂಬಿದರೆ ೧೫೧ ಟಿಎಂಸಿ, ಎಂದರೆ ಸುಮಾರು ೪೩೦ ಕೋಟಿ ಘನಮೀಟರ್. ನಮ್ಮ ಗಣಿತದಂತೆ ಅದು ೪೩೦ ಕೋಟಿ ಯೂನಿಟ್. ಬೇಸಗೆಯಲ್ಲಿ ರಾಜ್ಯದ ದಿನದ ಬಳಕೆ ೩೦ ಕೋಟಿ ಯೂನಿಟ್ಟನ್ನು ಮುಟ್ಟುತ್ತದೆ. ಅಷ್ಟು ದೊಡ್ಡ ಜಲಾಶಯವೊಂದೇ ಇಡೀ ರಾಜ್ಯವನ್ನು ಹೊತ್ತರೆ ಹದಿನೈದು ದಿನಕ್ಕೆ ಬರಿದಾದೀತು!

೨೦೨೩ರಲ್ಲಿ ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ, ಬೆಳೆ ಒಣಗುತ್ತಿದ್ದುದರಿಂದ ಪಂಪ್‌ಸೆಟ್ಟುಗಳ ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರವು ಕಾನೂನಿನ ವಿಶೇಷಾಧಿಕಾರವನ್ನು ಬಳಸಿ ಆಜ್ಞೆ ಮಾಡಬೇಕಾಯಿತು. ರೈತರಿಗೆ ದಿನಕ್ಕೆ ಏಳು ಗಂಟೆ ಕೊಡುತ್ತಿದ್ದ ಮೂರು ಫೇಸಿನ ವಿದ್ಯುತ್ತು ಕೆಲಕಾಲ ಐದು ಗಂಟೆಗೆ ಇಳಿಯಿತು. ಬೆಂಗಳೂರಿನ ಗೀಸರು ಮಾತ್ರ ಎಂದಿನಂತೆ ಕಾಯುತ್ತಿತ್ತು. ಸರದಿಯ ಮೇಲೆ ರಾತ್ರಿ ಪಾಳಿ ಬಂದ ರೈತನು ನಡುರಾತ್ರಿಯಲ್ಲಿ ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ಗದ್ದೆಗೆ ನೀರು ಕಟ್ಟಲು ಹೋಗುವುದನ್ನು ಹಳ್ಳಿಯಿಂದ ಬಂದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆತನ ಪಂಪು ಮಧ್ಯಾಹ್ನ ನಡೆದರೆ ಅವನಿಗೂ ಕ್ಷೇಮ, ಸೂರ್ಯನ ವಿದ್ಯುತ್ತಿಗೂ ಸದುಪಯೋಗ. ಪಂಪ್‌ಸೆಟ್ಟುಗಳ ಮಾರ್ಗಗಳನ್ನು ಹಗಲಿನ ಸೌರವಿದ್ಯುತ್ತಿಗೆ ಜೋಡಿಸುವ ಕೆಲಸವು ಆರಂಭವಾಗಿರುವುದು ಸಂತೋಷದ ವಿಷಯ. ಅದು ಬೇಗ ಮುಗಿಯಬೇಕು.

ಇನ್ನು ಕಣಿವೆಯ ಮಾತು. ಶರಾವತಿಯಲ್ಲಿ ೨,೦೦೦ ಮೆಗಾವಾಟಿನ ಹೊಸ ಯೋಜನೆಯೊಂದರ ಪ್ರಸ್ತಾಪವು ಕೆಲವು ವರ್ಷಗಳಿಂದ ವಿವಾದಕ್ಕೆ ಈಡಾಗಿದೆ. ಮಧ್ಯಾಹ್ನ ಮಿಕ್ಕ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಂಜೆ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ತು ಪಡೆಯುವುದು ಇದರ ತತ್ತ್ವ. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು ಎಂಬತ್ತು ಹಿಂದಿರುಗುತ್ತದೆ. ಭೌತವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸದಾಗಿ ದೊಡ್ಡ ಮುಳುಗಡೆ ಆಗದೆಂದೂ, ಸಂಜೆಯ ಕಲ್ಲಿದ್ದಲು ಉಳಿಯುವುದೆಂದೂ ಯೋಜನೆಯ ಪರವಾಗಿರುವವರು ಹೇಳುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ.

ಆದರೆ ಸುರಂಗ, ರಸ್ತೆ, ತಂತಿಮಾರ್ಗಗಳು ಹಾದುಹೋಗಬೇಕಾದುದು ಸಿಂಗಳೀಕಗಳ ಅಭಯಾರಣ್ಯದ ಮೂಲಕ. ಈ ವಾನರವು ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಮರದಿಂದ ಮರಕ್ಕೆ ಸಾಗುವ ಇದಕ್ಕೆ ಕಾಡಿನ ನಡುವಣ ಬಯಲೊಂದು ಗೋಡೆಯಿದ್ದಂತೆ. ಜೊತೆಗೆ ಈ ಕಣಿವೆಯು ಒಮ್ಮೆ ಕೊಟ್ಟಿದೆ, ಎರಡನೆಯ ಬಾರಿಯೂ ಕೊಟ್ಟಿದೆ. ಜೋಗದ ಕೇಂದ್ರಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಿನಲ್ಲಿಯೇ ಮುಳುಗಿತು. ಕಡು ಬೇಸಗೆಯಲ್ಲಿ ನೀರು ಇಳಿದಾಗ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಮುಳುಗಡೆಯಾದ ಊರುಗಳಿಂದ ಎದ್ದುಬಂದ ಕುಟುಂಬಗಳಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳಾದರೂ ಬಗೆಹರಿದಿಲ್ಲ. ಹೀಗಿರುವಾಗ ಮೂರನೆಯ ಬಾರಿ ಅವರ ಬಾಗಿಲನ್ನು ತಟ್ಟುವ ಮೊದಲು ನಗರದವರು ತಮ್ಮ ಮನೆಯ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕೆಂಬುದು ನನ್ನ ವಾದ. ಶಕ್ತಿಯ ಸಂಗ್ರಹ ಬೇಕೇ ಬೇಕು. ಬೆಲೆ ಬಹಳವಾಗಿ ಇಳಿದಿರುವ ಬ್ಯಾಟರಿಗಳೂ ಅದಕ್ಕೊಂದು ಮಾರ್ಗ. ಕಣಿವೆಯನ್ನು ಕೇಳಲೇಬೇಕಾದರೆ ಅದನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕೇಳಬೇಕು. ನಾವು ಅದನ್ನೇ ಮೊದಲು ಕೇಳುತ್ತಿದ್ದೇವೆ.

"ನಮ್ಮ ಒಂದು ಮನೆಯಿಂದ ಏನಾದೀತು?" ಎಂದು ನೀವು ಕೇಳಬಹುದು. ಒಂದು ಲಕ್ಷ ಗೀಸರುಗಳು ಏಕಕಾಲದಲ್ಲಿ ನಡೆದರೆ ೨೦೦ ಮೆಗಾವಾಟ್. ಅದು ರಾಯಚೂರಿನ ೨೧೦ ಮೆಗಾವಾಟಿನ ಒಂದು ಘಟಕಕ್ಕೆ ಹೆಚ್ಚುಕಡಿಮೆ ಸಮ. ಹತ್ತು ಲಕ್ಷ ಗೀಸರುಗಳೆಂದರೆ ಶರಾವತಿಯ ಹೊಸ ಯೋಜನೆಯಷ್ಟಾಯಿತು. ನಗರದ ಅನೇಕ ಮನೆಗಳ ಮೇಲೆ ಸೌರ ನೀರುಕಾಯಿಸುವ ಸಾಧನಗಳಿವೆ. ಹಿಂದಿನ ಮಧ್ಯಾಹ್ನ ಕಾದ ನೀರು ಶಾಖ ಸೋರದ ಟ್ಯಾಂಕಿನಲ್ಲಿದ್ದು ಮರುದಿನ ಬೆಳಗಿನ ಸ್ನಾನಕ್ಕೆ ಒದಗುತ್ತದೆ. ಆ ಟ್ಯಾಂಕೂ ಶಕ್ತಿಯ ಉಗ್ರಾಣವೇ; ಅದಕ್ಕೆ ಕಾಡನ್ನು ಕಡಿಯಬೇಕಾಗಿಲ್ಲ. ಸೌರಸಾಧನವಿಲ್ಲದ ಕಡೆಯೂ ಅಂಥ ಟ್ಯಾಂಕಿನ ನೀರನ್ನು ಮಧ್ಯಾಹ್ನವೇ ವಿದ್ಯುತ್ತಿನಿಂದ ಕಾಯಿಸಿಡಬಹುದು. ಮಾಳಿಗೆಗೆ ನೀರೇರಿಸುವ ಪಂಪನ್ನು ನಡುಹಗಲು ನಡೆಸಬಹುದು. ವಿದ್ಯುತ್ ಸ್ಕೂಟರನ್ನು ಸಂಜೆ ಮನೆಗೆ ಬಂದೊಡನೆ ಚುಚ್ಚುವ ಬದಲು ಹಗಲಿನಲ್ಲಿ ಕಚೇರಿಯಲ್ಲಿ ತುಂಬಿಸಿಕೊಳ್ಳುವ ಅನುಕೂಲವನ್ನು ಕಲ್ಪಿಸಬಹುದು.

ನಲ್ಲಿಯ ನೀರೂ ವಿದ್ಯುತ್ತೇ ಎಂಬುದನ್ನು ಇಲ್ಲಿ ನೆನೆಯಬೇಕು. ಶಿವನಸಮುದ್ರದ ಆಸುಪಾಸಿನಿಂದಲೇ ಕಾವೇರಿಯನ್ನು ತೊರೆಕಾಡನಹಳ್ಳಿಯ ಮೂಲಕ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರಕ್ಕೆ ಹಂತಹಂತವಾಗಿ ಎತ್ತಿ ಬೆಂಗಳೂರಿಗೆ ತರಲಾಗುತ್ತಿದೆ. ಮೇಲಿನ ಗಣಿತವನ್ನೇ ತಿರುವಿ ಮಾಡಿದರೆ ಸಾವಿರ ಲೀಟರಿಗೆ ಎರಡು ಯೂನಿಟ್ಟಿಗೆ ಸಮೀಪವಾದಷ್ಟು ವೆಚ್ಚವೆಂದು ತಿಳಿಯುತ್ತದೆ. ೧೯೦೫ರಲ್ಲಿ ನಮಗೆ ವಿದ್ಯುತ್ತು ಕೊಟ್ಟ ನದಿಗೆ ಇಂದು ನಾವೇ ವಿದ್ಯುತ್ತು ಕೊಟ್ಟು ಅದನ್ನು ಮೇಲಕ್ಕೆ ಕರೆತರುತ್ತಿದ್ದೇವೆ. ತೊಟ್ಟಿಕ್ಕುವ ನಲ್ಲಿಯನ್ನು ಮುಚ್ಚುವುದೂ ವಿದ್ಯುತ್ತಿನ ಉಳಿತಾಯ.

ವ್ಯಕ್ತಿಯ ವಿವೇಕವೊಂದೇ ಸಾಲದು. ವ್ಯವಸ್ಥೆಯೂ ಅದಕ್ಕೆ ಅನುಕೂಲವಾಗಿರಬೇಕು. ಮನೆಯ ಸಾಮಾನ್ಯ ಮೀಟರು ತಿಂಗಳಿಗೆ ಎಷ್ಟು ಯೂನಿಟ್ ಎಂದು ಎಣಿಸುತ್ತದೆಯೇ ಹೊರತು ಯಾವ ಹೊತ್ತಿನಲ್ಲಿ ಎಂದು ಹೇಳದು. ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿಯೂ ತಿಂಗಳಿಗೆ ೨೦೦ ಯೂನಿಟ್ ಎಂದು ಮೊತ್ತವನ್ನೇ ನೋಡುತ್ತದೆ. ಬಡವನ ಮನೆಯ ದೀಪಕ್ಕೆ ನೆರವಾಗುವುದನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ಮಧ್ಯಾಹ್ನದ ಯೂನಿಟ್ಟಿಗೂ ಸಂಜೆಯ ಯೂನಿಟ್ಟಿಗೂ ಒಂದೇ ಬೆಲೆಯಿರುವವರೆಗೆ ಜನರು ಹೊತ್ತನ್ನು ಏಕೆ ಗಮನಿಸಬೇಕು? ಹೊತ್ತನ್ನೂ ಬರೆದಿಡುವ ಮೀಟರುಗಳು ಇಂದು ದೊರೆಯುತ್ತವೆ. ಅವುಗಳ ಮೂಲಕ ಹಗಲಿನ ಬಳಕೆಗೆ ರಿಯಾಯಿತಿ ಕೊಡುವ ಕ್ರಮವು ಮನೆಮನೆಗೂ ಬರಬೇಕು. ಹೊತ್ತನ್ನು ಬದಲಾಯಿಸಲು ಸಾಧ್ಯವಿಲ್ಲದ ಬಡ ಕುಟುಂಬಕ್ಕೆ ಇದರಿಂದ ದಂಡ ಬೀಳದಂತೆಯೂ ನೋಡಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಬರುವ ಭಾನುವಾರ ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ನಿಮ್ಮ ಮನೆಯ ಮೀಟರನ್ನು ಓದಿ, ಗ್ರಾಫ್ ಕಾಗದದ ಮೇಲೆ ಗುರುತಿಸಿರಿ. ರಾಜ್ಯದ ವಿದ್ಯುತ್ ಹೊರೆಯನ್ನು ನಿಯಂತ್ರಿಸುವ ಕೇಂದ್ರವು ಯಾವ ವಿದ್ಯುದಾಗಾರ ಎಷ್ಟು ಕೊಡುತ್ತಿದೆ ಎಂಬುದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅದೇ ಗಂಟೆಗಳಲ್ಲಿ ಸೂರ್ಯನಿಂದ ದೊರೆತುದನ್ನು ಅದೇ ಕಾಗದದ ಮೇಲೆ ಬೇರೆ ಶಾಯಿಯಲ್ಲಿ ಬರೆಯಿರಿ. ನಿಮ್ಮ ಮನೆಯ ರೇಖೆ ಎದ್ದಾಗ ಸೂರ್ಯನ ರೇಖೆ ಬಿದ್ದಿರುವುದು ಹೆಚ್ಚಿನ ಮನೆಗಳಲ್ಲಿ ಕಂಡುಬರುತ್ತದೆ. ಆ ಎರಡು ರೇಖೆಗಳ ನಡುವಣ ಅಂತರವನ್ನು ತುಂಬಲು ಈಗ ಯಾರು ಏನನ್ನು ಕೊಡುತ್ತಿದ್ದಾರೆ ಎಂಬುದನ್ನು ಮನೆಯವರೊಡನೆ ಕುಳಿತು ಚರ್ಚಿಸಿರಿ. ಮರುದಿನ ತರಗತಿಯಲ್ಲಿ ನಾನು ಕೇಳುವ ಪ್ರಶ್ನೆಗೆ ನಿಮ್ಮ ಬಳಿ ಉತ್ತಮವಾದ ಉತ್ತರವಿರುತ್ತದೆ.